ಊರಿಗೆ ರೈಲು ವಾಪಸ್ ಬಂದಿದೆಯಾ? ಅದಕ್ಕೊಂದು ಬಳಗ ಕಟ್ಟುವುದು ಹೀಗೆ

ಮುಚ್ಚಿದ್ದ ಹಳಿಯ ಮೇಲೆ ಮತ್ತೆ ರೈಲು ಬಂದ ದಿನ ಊರಿಗೆ ಊರೇ ಪ್ಲಾಟ್‌ಫಾರಂ ಮೇಲಿರುತ್ತದೆ. ಇಂಜಿನ್ನಿಗೆ ಬಾಳೆಕಂದು ಕಟ್ಟುತ್ತಾರೆ, ಲೋಕೋ ಪೈಲಟ್‌ಗೆ ಹಾರ ಹಾಕುತ್ತಾರೆ, ಎಲ್ಲರಿಗೂ ಸಿಹಿ ಹಂಚುತ್ತಾರೆ. ಆರು ತಿಂಗಳು ಬಿಟ್ಟು ಅದೇ ನಿಲ್ದಾಣಕ್ಕೆ ಹೋಗಿ ನೋಡಿ. ಹತ್ತು ಹದಿನೈದು ಜನ ಇಳಿಯುತ್ತಾರೆ. ಹೊರಗೆ ಬಸ್ಸಿಲ್ಲ, ಆಟೊ ಇಲ್ಲ. ಟಿಕೆಟ್ ಕಿಟಕಿ ಎಷ್ಟು ಹೊತ್ತಿಗೆ ತೆರೆಯುತ್ತದೆ ಅಂತ ಊರಿನ ಅರ್ಧ ಜನಕ್ಕೆ ಗೊತ್ತಿಲ್ಲ. ಮುಂದೊಂದು ದಿನ ಆದಾಯ ಸಾಲದು ಅಂತ ನಿಲುಗಡೆ ತೆಗೆದಾಗ ಎಲ್ಲರೂ ಬ್ಯಾನರ್ ಹಿಡಿದು ಬರುತ್ತಾರೆ. ಆ ಹೊತ್ತಿಗೆ ತಡವಾಗಿರುತ್ತದೆ.

ಹೀಗಾಗುವುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಜನರಿಗೆ ರೈಲಿನ ಮೇಲೆ ಪ್ರೀತಿ ಇರಲಿಲ್ಲ ಅಂತಲ್ಲ. ಆ ಪ್ರೀತಿಯನ್ನು ಯಾವ ಕೆಲಸಕ್ಕೆ ಹಚ್ಚಬೇಕು ಅಂತ ಯಾರೂ ಹೇಳಿಕೊಟ್ಟಿರಲಿಲ್ಲ. ಅದಕ್ಕೇ ಈ ಲೇಖನ. ಉದಾಹರಣೆಗೆ ನಮ್ಮ ಮಲೆನಾಡಿನ ಶಿವಮೊಗ್ಗ–ತಾಳಗುಪ್ಪ ಮಾರ್ಗವನ್ನೇ ತೆಗೆದುಕೊಳ್ಳುತ್ತೇನೆ. ಕಿರಿದಾದ ಮೀಟರ್ ಗೇಜ್ ಹಳಿಯ ಕಾಲದ ಕೊನೆಯಲ್ಲಿ ಅಲ್ಲಿ ಓಡುತ್ತಿದ್ದದ್ದು ರೈಲ್‌ಬಸ್, ಅಂದರೆ ಹಳಿಯ ಮೇಲೆ ಓಡುವ ಬಸ್ಸಿನಂಥ ಸಣ್ಣ ಗಾಡಿ. ಹಳಿ ಅಗಲವಾಗಿ, ಬ್ರಾಡ್‌ಗೇಜ್ ಆಗಿ ತಾಳಗುಪ್ಪದವರೆಗೆ ರೈಲು ಮತ್ತೆ ಬಂದದ್ದು 2011ರಲ್ಲಿ. ಈಗ ಅಲ್ಲಿಂದ ಬೆಂಗಳೂರಿಗೂ ಹೋಗಬಹುದು, ಮೈಸೂರಿಗೂ ಹೋಗಬಹುದು. ಕುಂಸಿ, ಅರಸಾಳು, ಆನಂದಪುರದಂಥ ಸಣ್ಣ ನಿಲ್ದಾಣಗಳೂ ಈ ದಾರಿಯಲ್ಲಿವೆ. ಬಳಗ ಬೇಕಾಗಿರುವುದು ಇಂಥ ನಿಲ್ದಾಣಗಳಿಗೇ.

ಇಂಗ್ಲೆಂಡಿನಲ್ಲಿ ಇದಕ್ಕೆ ಒಂದು ಪದ್ಧತಿಯೇ ಬೆಳೆದಿದೆ. ಡೆವನ್ ಮತ್ತು ಕಾರ್ನ್‌ವಾಲ್ ಕಡೆ 1991ರಿಂದಲೇ ರೈಲು ಕಂಪನಿ, ಸ್ಥಳೀಯ ಆಡಳಿತ, ವಿಶ್ವವಿದ್ಯಾಲಯ ಒಟ್ಟಿಗೆ ಕೂತು ಸಣ್ಣ ಮಾರ್ಗಗಳನ್ನು ನೋಡಿಕೊಳ್ಳುತ್ತವೆ. ಎಕ್ಸಿಟರ್‌ನಿಂದ ಓಕ್‌ಹ್ಯಾಂಪ್ಟನ್‌ಗೆ 1972ರಲ್ಲಿ ನಿಂತುಹೋಗಿದ್ದ ದಿನನಿತ್ಯದ ರೈಲು 2021ರ ನವೆಂಬರ್‌ನಲ್ಲಿ ಮತ್ತೆ ಶುರುವಾಯಿತು. ಅಲ್ಲಿ ರೈಲಿಳಿದವರನ್ನು ಟಾವಿಸ್ಟಾಕ್ ಕಡೆಗೆ ಕರೆದುಕೊಂಡು ಹೋಗಲು 118ನೇ ನಂಬರಿನ ಬಸ್ ಇದೆ. ಈ ಬಸ್ಸಿನ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೊದಲು ಜನ

ಏಳರಿಂದ ಹನ್ನೊಂದು ಜನ ಸಾಕು. ದಿನಾ ರೈಲಿನಲ್ಲಿ ಓಡಾಡುವವರು ಇಬ್ಬರು, ಒಬ್ಬ ಆಟೊದವರು, ಗ್ರಾಮ ಪಂಚಾಯಿತಿ ಸದಸ್ಯರೊಬ್ಬರು, ಸ್ತ್ರೀಶಕ್ತಿ ಸಂಘದವರೊಬ್ಬರು, ಕಾಲೇಜಿನ ಮೇಷ್ಟ್ರೊಬ್ಬರು ಇರಲೇಬೇಕು. ರೈಲ್ವೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು ಊರಲ್ಲಿದ್ದರೆ ಮನೆಗೆ ಹೋಗಿ ಕರೆಯಿರಿ. ಯಾವ ಕಾಗದ ಯಾವ ಟೇಬಲ್ಲಿಗೆ ಹೋಗುತ್ತದೆ ಅನ್ನುವುದು ಅವರಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ. ಪಕ್ಷದ ಮುಖಂಡರನ್ನು ಅಧ್ಯಕ್ಷರನ್ನಾಗಿ ಮಾಡಬೇಡಿ. ಅವರ ಬೆಂಬಲ ಬೇಕು, ಕುರ್ಚಿ ಬೇಡ. ಚುನಾವಣೆ ಬಂದ ಕೂಡಲೇ ಬಳಗ ಎರಡು ಹೋಳಾಗುತ್ತದೆ.

ಸಂಘವನ್ನು ನೋಂದಣಿ ಮಾಡಿಸಿ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಪ್ರಕಾರ ಕನಿಷ್ಠ ಏಳು ಸದಸ್ಯರು ಬೇಕು. ಬೈಲಾ ಬರೆದು ಜಿಲ್ಲಾ ಸಂಘಗಳ ನೋಂದಣಾಧಿಕಾರಿ ಕಚೇರಿಗೆ ಕೊಟ್ಟರಾಯಿತು.

ಎಣಿಕೆ: ಎಲ್ಲರೂ ಎಡವುವುದು ಇಲ್ಲೇ

ಸಂಘ ಆದ ಮರುದಿನವೇ ಮನವಿ ಪತ್ರ ಹಿಡಿದು ಓಡುವವರೇ ಜಾಸ್ತಿ. ಹೆಚ್ಚಿನ ರೈಲು ಬಿಡಿ, ಶೆಲ್ಟರ್ ಹಾಕಿ, ಬೋಗಿ ಸೇರಿಸಿ ಅಂತ ಇಪ್ಪತ್ತು ಬೇಡಿಕೆ. ಅಧಿಕಾರಿ ಕೇಳುವುದು ಒಂದೇ ಪ್ರಶ್ನೆ: ಅಲ್ಲಿ ಎಷ್ಟು ಜನ ಹತ್ತುತ್ತಾರೆ? ಆಗ 'ತುಂಬಾ ಜನ ಹತ್ತುತ್ತಾರೆ ಸಾರ್' ಅಂದರೆ ಅಲ್ಲಿಗೇ ಮುಗಿಯಿತು. ಆದ್ದರಿಂದ ಮೊದಲು ಎಣಿಸಿ.

ಸತತ ಏಳು ದಿನ ಎಣಿಸಬೇಕು. ಸೋಮವಾರ ಒಂದೇ ದಿನ ಎಣಿಸಿದರೆ ಆಗುವುದಿಲ್ಲ, ಸಂತೆಯ ದಿನ ಒಂದೇ ಎಣಿಸಿದರೂ ಆಗುವುದಿಲ್ಲ. ಗಣಪತಿ ಹಬ್ಬ, ದೀಪಾವಳಿ, ಸಾಗರದ ಮಾರಿಕಾಂಬಾ ಜಾತ್ರೆಯ ವಾರಗಳನ್ನು ಬಿಡಿ. ಆ ಲೆಕ್ಕ ತೋರಿಸಿದರೆ ಯಾರೂ ನಂಬುವುದಿಲ್ಲ. ಮಲೆನಾಡಿನಲ್ಲಿ ವರ್ಷಕ್ಕೆ ಎರಡು ಸಲ ಎಣಿಸುವುದು ಒಳ್ಳೆಯದು. ಆಗಸ್ಟ್‌ನಲ್ಲಿ ಒಮ್ಮೆ, ಆಗ ಜೋಗಕ್ಕೆ ಬರುವವರು ಇರುತ್ತಾರೆ. ಅಡಿಕೆ ಕೊಯ್ಲಿನ ಹೊತ್ತಲ್ಲಿ ಇನ್ನೊಮ್ಮೆ.

ಶುರು ಮಾಡುವ ಮೊದಲು ಸ್ಟೇಷನ್ ಮಾಸ್ಟರ್‌ಗೆ ಒಂದು ಪತ್ರ ಕೊಡಿ. ಸ್ಟೇಷನ್ ಮಾಸ್ಟರ್ ಇಲ್ಲದ ಸಣ್ಣ ಹಾಲ್ಟ್ ಆಗಿದ್ದರೆ ಟಿಕೆಟ್ ಮಾರುವ ಏಜೆಂಟರಿಗೆ ಹೇಳಿ, ಅವರಿಗೆ ಟಿಕೆಟ್ ಕೊಡುವ ದೊಡ್ಡ ನಿಲ್ದಾಣಕ್ಕೂ ಒಂದು ಪ್ರತಿ ಕೊಡಿ. ಎಣಿಸುವವರು ಪ್ಲಾಟ್‌ಫಾರಂ ಟಿಕೆಟ್ ತಪ್ಪದೆ ತೆಗೆದುಕೊಳ್ಳಬೇಕು. ಟಿಕೆಟ್ ಇಲ್ಲದೆ ನಿಂತು ಟಿಕೆಟಿನ ಬಗ್ಗೆ ಮಾತಾಡುವುದು ಸರಿಯಲ್ಲ, ಅಲ್ವಾ?

ಮೂರು ಜನ ಬೇಕು. ಇಬ್ಬರು ಪ್ಲಾಟ್‌ಫಾರಂನ ಎರಡು ತುದಿಗೆ, ಒಬ್ಬರು ಹೊರಗೆ ಹೋಗುವ ದಾರಿಗೆ. ತುದಿಗೆ ಯಾಕೆ ಅಂದರೆ, ಎಕ್ಸ್‌ಪ್ರೆಸ್ ರೈಲುಗಳಲ್ಲಿ ಜನರಲ್ ಬೋಗಿಗಳು ಸಾಮಾನ್ಯವಾಗಿ ಮುಂದೆ ಮತ್ತು ಹಿಂದೆ ಇರುತ್ತವೆ. ಸಣ್ಣ ನಿಲ್ದಾಣದಲ್ಲಿ ಹತ್ತುವವರಲ್ಲಿ ಹೆಚ್ಚಿನವರು ಅಲ್ಲೇ ಇರುತ್ತಾರೆ. ನಡುವೆ ನಿಂತು ಎಣಿಸಿದವರು ಅರ್ಧ ಜನರನ್ನು ಬಿಟ್ಟುಬಿಡುತ್ತಾರೆ. ರೈಲು ನಿಲ್ಲುವುದು ಒಂದೋ ಎರಡೋ ನಿಮಿಷ, ಆಮೇಲೆ ಓಡಿಹೋಗಿ ಎಣಿಸಲು ಆಗುವುದಿಲ್ಲ.

ಉದ್ದದ ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಮಾಡಿ: ಹತ್ತಿದವರು, ಇಳಿದವರು. ನಾಲ್ಕು ಗೆರೆ ಎಳೆದು ಐದನೆಯದನ್ನು ಅಡ್ಡ ಹಾಕುತ್ತಾ ಹೋಗಿ. ಪೆನ್ಸಿಲ್‌ನಲ್ಲೇ ಬರೆಯಿರಿ. ಆಗಸ್ಟ್ ಮಳೆಯಲ್ಲಿ ಪೆನ್ನಿನ ಶಾಯಿ ಇಳಿದು, ಆರು ದಿನದ ಎಣಿಕೆ ನೀಲಿ ಕಲೆಯಾಗಿ ಹೋದ ಪುಟಗಳನ್ನು ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಆ ವಾರವನ್ನು ಮತ್ತೆ ಮೊದಲಿನಿಂದ ಮಾಡಬೇಕಾಯಿತು. ರೈಲು ಬರಬೇಕಾದ ಹೊತ್ತು, ಬಂದ ಹೊತ್ತು ಎರಡನ್ನೂ ಪ್ರತಿ ಪುಟದ ಮೇಲೆ ಬರೆಯಿರಿ.

ರೈಲು ಬರುವ ಮೊದಲು ಕಾಯುತ್ತಿರುವವರನ್ನು ಮೂರೇ ಪ್ರಶ್ನೆ ಕೇಳಿ. ಯಾವ ಊರಿಂದ ಬಂದಿರಿ? ನಿಲ್ದಾಣದವರೆಗೆ ಹೇಗೆ ಬಂದಿರಿ? ಈ ರೈಲು ಸಿಗದಿದ್ದರೆ ಹೇಗೆ ಹೋಗುತ್ತಿದ್ದಿರಿ? 'ಇನ್ನೊಂದು ರೈಲು ಬೇಕಾ' ಅಂತ ಮಾತ್ರ ಕೇಳಬೇಡಿ. ಬೇಡ ಅನ್ನುವವರು ಯಾರೂ ಇಲ್ಲ, ಆ ಉತ್ತರದಿಂದ ಏನೂ ಉಪಯೋಗವಿಲ್ಲ. ಮೊಬೈಲ್‌ನಲ್ಲಿ ಫಾರಂ ಕಳಿಸಿ ವಾಟ್ಸ್ಆ್ಯಪ್ ಗುಂಪಿನಲ್ಲಿ ತುಂಬಿಸಿಕೊಳ್ಳುವ ಸುಲಭ ದಾರಿಯೂ ಬೇಡ. ಅದನ್ನು ತುಂಬುವವರು ಬೆಂಗಳೂರಿನಲ್ಲಿರುವ ಊರಿನ ಮಕ್ಕಳು. ದಿನಾ ಹತ್ತುವವರು ಸೊಪ್ಪಿನ ಬುಟ್ಟಿ ಹೊತ್ತ ಹೆಂಗಸರು, ಕಾಲೇಜಿನ ಹುಡುಗರು. ಅವರು ಆ ಫಾರಂ ನೋಡಿಯೇ ಇರುವುದಿಲ್ಲ.

ಹಾಗೆ ಕೇಳುತ್ತಾ ನಿಂತಿದ್ದಾಗ ಸೊಪ್ಪು ಮಾರುವ ಅಜ್ಜಿಯೊಬ್ಬರು ನನಗೆ ಹೇಳಿದ ಮಾತು ಇದು: "ರೈಲು ಬಂದ್ರೆ ಏನಾತು ತಮ್ಮಾ, ಇಳಿದ್ಮೇಲೆ ಪ್ಯಾಟೆಗೆ ಹೊತ್ಕಂಡು ನಡೀಬೇಕು. ಬಸ್ಸಾದ್ರೆ ಸಂತೆ ಬಾಗ್ಲಲ್ಲೇ ಇಳಿಸ್ತದೆ." ನಾವು ಬರೆದಿದ್ದ ಇಪ್ಪತ್ತು ಬೇಡಿಕೆಯಲ್ಲಿ ಈ ವಿಷಯ ಇರಲೇ ಇಲ್ಲ.

ಇನ್ನೊಂದು ಮುಖ್ಯ ಕೆಲಸ. ಅದೇ ಏಳು ದಿನ, ಅದೇ ಹೊತ್ತಲ್ಲಿ ಬಸ್ ನಿಲ್ದಾಣದಲ್ಲೂ ಒಬ್ಬರು ನಿಲ್ಲಲಿ. ರೈಲು ಹೋಗುವ ಊರಿಗೇ ಬಸ್ಸಿನಲ್ಲಿ ಹೊರಟವರು ಎಷ್ಟು ಜನ ಅಂತ ಬರೆದುಕೊಳ್ಳಲಿ. ರೈಲು ಹತ್ತಬಹುದಾಗಿದ್ದು ಹತ್ತದೇ ಇರುವವರ ಲೆಕ್ಕ ರೈಲ್ವೆಯವರ ಹತ್ತಿರ ಇರುವುದಿಲ್ಲ. ನಿಮ್ಮ ಪತ್ರಕ್ಕೆ ತೂಕ ಕೊಡುವುದು ಅದೇ.

ಟಿಕೆಟ್ ಲೆಕ್ಕದ ಜೊತೆ ಹೋಲಿಸಿ

ಮಾಹಿತಿ ಹಕ್ಕು ಕಾಯ್ದೆಯಲ್ಲಿ 10 ರೂಪಾಯಿ ಶುಲ್ಕ ಕಟ್ಟಿ ಒಂದು ಅರ್ಜಿ ಹಾಕಿ. ಕಳೆದ ಮೂರು ವರ್ಷ ನಿಮ್ಮ ನಿಲ್ದಾಣದಲ್ಲಿ ತಿಂಗಳು ತಿಂಗಳು ಎಷ್ಟು ಟಿಕೆಟ್ ಮಾರಾಟವಾಯಿತು, ಆದಾಯ ಎಷ್ಟು ಅಂತ ಕೇಳಿ. 30 ದಿನದೊಳಗೆ ಉತ್ತರ ಕೊಡಬೇಕು.

ಉತ್ತರ ಬಂದಾಗ ಹೆಚ್ಚಿನ ಬಳಗಗಳಿಗೆ ಆಘಾತವಾಗುತ್ತದೆ. ನೀವು ಎಣಿಸಿದ ಜನ ಜಾಸ್ತಿ, ಮಾರಾಟವಾದ ಟಿಕೆಟ್ ಕಡಿಮೆ. ಕಾರಣ ಎರಡು. ಒಂದು, ಹತ್ತಿರದ ಊರಿಗೆ ತಾನೇ ಅಂತ ಟಿಕೆಟ್ ಇಲ್ಲದೆ ಹೋಗುವುದು. ಎರಡು, ಬೆಂಗಳೂರಿಗೆ ಹೋಗುವವರು ಮುಂಗಡ ಟಿಕೆಟನ್ನು ದೊಡ್ಡ ನಿಲ್ದಾಣದ ಹೆಸರಿನಲ್ಲಿ ತೆಗೆದು ಸಣ್ಣ ನಿಲ್ದಾಣದಲ್ಲಿ ಹತ್ತುವುದು. ಎರಡರಲ್ಲೂ ನಿಮ್ಮೂರಿನ ಲೆಕ್ಕದಲ್ಲಿ ಏನೂ ಕಾಣುವುದಿಲ್ಲ. ಇದನ್ನು ಸರಿಮಾಡಬೇಕಾದವರು ನಾವೇ. ಮನೆಮನೆಗೆ ಹೇಳಿ: ಟಿಕೆಟ್ ತೆಗೆಯಿರಿ, ನಮ್ಮೂರಿನ ಹೆಸರಿನಲ್ಲೇ ತೆಗೆಯಿರಿ, ಮೊಬೈಲ್‌ನಲ್ಲಿ ತೆಗೆದರೂ ಹತ್ತುವ ನಿಲ್ದಾಣ ನಮ್ಮದೇ ಇರಲಿ. ದಿನಾ ಓಡಾಡುವವರಿಗೆ ತಿಂಗಳ ಸೀಸನ್ ಟಿಕೆಟ್ ಮಾಡಿಸಿಕೊಡಿ. 150 ಕಿ.ಮೀ.ವರೆಗೆ ಸಿಗುತ್ತದೆ, ತಾಳಗುಪ್ಪದಿಂದ ಶಿವಮೊಗ್ಗ ಅದರೊಳಗೇ ಬರುತ್ತದೆ. ಯಾವ ರೈಲಿನಲ್ಲಿ ನಡೆಯುತ್ತದೆ ಅಂತ ಮಾತ್ರ ಕೌಂಟರಿನಲ್ಲಿ ಕೇಳಿಕೊಳ್ಳಿ.

ಒಂದು ಪತ್ರ, ಒಂದೇ ಬೇಡಿಕೆ

ಈಗ ಪತ್ರ. ತಾಳಗುಪ್ಪ ಮಾರ್ಗ ನೈಋತ್ಯ ರೈಲ್ವೆಯ ಮೈಸೂರು ವಿಭಾಗಕ್ಕೆ ಸೇರಿದೆ, ಕೇಂದ್ರ ಕಚೇರಿ ಹುಬ್ಬಳ್ಳಿ. ಪತ್ರವನ್ನು ಮೈಸೂರಿನ ವಿಭಾಗೀಯ ವ್ಯವಸ್ಥಾಪಕರಿಗೆ ಬರೆಯಿರಿ. ಒಂದೇ ಪುಟ. ರೈಲಿನ ನಂಬರ್, ಈಗಿನ ಸಮಯ, ನಿಮಗೆ ಬೇಕಾದ್ದು, ನಿಮ್ಮ ಎಣಿಕೆ, ಟಿಕೆಟ್ ಲೆಕ್ಕ. ಎಣಿಕೆಯ ಪುಟಗಳ ಜೆರಾಕ್ಸ್ ಜೊತೆಗಿರಲಿ.

ಮೊದಲ ಪತ್ರದಲ್ಲೇ ಹೊಸ ರೈಲು ಕೇಳಬೇಡಿ. ಅದು ಒಂಟಿ ಹಳಿ. ಹೊಸ ರೈಲಿಗೆ ಖಾಲಿ ಬೋಗಿಗಳು ಬೇಕು, ಎದುರು ರೈಲು ದಾಟಿಸಲು ಜಾಗ ಬೇಕು. ಒಂದು ನಿಲುಗಡೆ ಕೇಳಿ. ಎಕ್ಸ್‌ಪ್ರೆಸ್ ರೈಲಿನ ನಿಲುಗಡೆಗೆ ರೈಲ್ವೆ ಮಂಡಳಿಯ ಒಪ್ಪಿಗೆ ಬೇಕಾಗುತ್ತದೆ, ಆದ್ದರಿಂದ ಸಂಸದರ ಪತ್ರ ಇಲ್ಲಿ ನಿಜವಾಗಿ ಕೆಲಸಕ್ಕೆ ಬರುತ್ತದೆ. ಸಾಮಾನ್ಯವಾಗಿ ಮೊದಲು ಪ್ರಾಯೋಗಿಕ ನಿಲುಗಡೆ ಕೊಡುತ್ತಾರೆ. ಸಿಕ್ಕಿತು ಅಂತ ಸುಮ್ನೆ ಕೂರಬೇಡಿ. ಆ ತಿಂಗಳುಗಳ ಟಿಕೆಟ್ ಮಾರಾಟವೇ ಮುಂದಿನದನ್ನು ತೀರ್ಮಾನಿಸುತ್ತದೆ. ನೀರು, ದೀಪ, ಶೌಚಾಲಯದ ದೂರನ್ನು ಈ ಪತ್ರಕ್ಕೆ ಸೇರಿಸಬೇಡಿ, ಅದಕ್ಕೆ ರೈಲ್ವೆ ಸಹಾಯವಾಣಿ 139 ಇದೆ.

ಬಸ್ಸು

ಅಜ್ಜಿ ಹೇಳಿದ್ದು ಇದನ್ನೇ. ರೈಲಿನ ಸಮಯ ಬದಲಾಯಿಸುವುದು ಕಷ್ಟ, ಬಸ್ಸಿನದು ಸುಲಭ. ಆದರೂ ಎಲ್ಲರೂ ರೈಲಿನ ಹಿಂದೆಯೇ ಬೀಳುತ್ತಾರೆ. ಕೆಎಸ್‌ಆರ್‌ಟಿಸಿ ಡಿಪೊ ಮ್ಯಾನೇಜರ್ ಹತ್ತಿರ ಹೋಗಿ ಎಣಿಕೆ ತೋರಿಸಿ, ಈಗಿರುವ ಬಸ್ಸೊಂದು ರೈಲು ಬಂದ ಹದಿನೈದು ನಿಮಿಷಕ್ಕೆ ನಿಲ್ದಾಣದ ಮುಂದಿಂದ ಹೊರಡುವಂತೆ ಕೇಳಿ. ಹೊಸ ಬಸ್ ಬೇಡ, ಇರುವುದನ್ನೇ ಸ್ವಲ್ಪ ತಿರುಗಿಸಿದರೆ ಸಾಕು. ತಾಳಗುಪ್ಪದಿಂದ ಜೋಗ ಹದಿನೈದು ಕಿ.ಮೀ. ಆಸುಪಾಸು. ರೈಲಿಳಿದವರು ಬಸ್ಸಿಲ್ಲದೆ ನಿಂತರೆ ಮುಂದಿನ ಸಲ ಕಾರಿನಲ್ಲೇ ಬರುತ್ತಾರೆ. ಆಟೊದವರ ಜೊತೆ ಕೂತು ದರ ಗೊತ್ತುಮಾಡಿ ಬೋರ್ಡ್ ಬರೆಸಿ.

ಬೋರ್ಡ್ ಅಂದರೆ ತಗಡಿನ ಮೇಲೆ ಎನಾಮೆಲ್ ಬಣ್ಣದಲ್ಲಿ ಕೈಬರಹದ್ದು. ಫ್ಲೆಕ್ಸ್ ಬೇಡವೇ ಬೇಡ. ಮಲೆನಾಡಿನ ಒಂದು ಮಳೆಗಾಲಕ್ಕೆ ಹರಿದು ನೇತಾಡುತ್ತದೆ, ಆಮೇಲೆ ಹಳಿ ಪಕ್ಕದ ಚರಂಡಿಯಲ್ಲಿ ಸಿಗುತ್ತದೆ.

ನಿಲ್ದಾಣವನ್ನು ನಮ್ಮದು ಅನ್ನಿಸುವುದು

ಅರಸಾಳಿನಲ್ಲಿ ಹಳೆಯ ನಿಲ್ದಾಣದ ಕಟ್ಟಡ ಈಗ ಮಾಲ್ಗುಡಿ ಮ್ಯೂಸಿಯಂ ಆಗಿದೆ. ಎಲ್ಲ ಊರಿಗೂ ಅಂಥದ್ದು ಸಿಗುವುದಿಲ್ಲ, ಬೇಕಾಗಿಯೂ ಇಲ್ಲ. ಬೆಂಚು ಒಣಗಿರಲಿ, ಕುಡಿಯುವ ನೀರು ಬರಲಿ, ಸಮಯದ ಬೋರ್ಡ್ ಸರಿಯಾಗಿರಲಿ. ರೈಲ್ವೆಯ 'ಒಂದು ನಿಲ್ದಾಣ, ಒಂದು ಉತ್ಪನ್ನ' ಯೋಜನೆಯ ಮಳಿಗೆ ಸಾಗರದಂಥ ನಿಲ್ದಾಣಕ್ಕೆ ಚೆನ್ನಾಗಿ ಒಪ್ಪುತ್ತದೆ. ಗುಡಿಗಾರರ ಕೆತ್ತನೆ ಇದೆ, ಅಪ್ಪೆಮಿಡಿ ಉಪ್ಪಿನಕಾಯಿ ಇದೆ, ಹಲಸಿನ ಹಪ್ಪಳ ಇದೆ.

ಶ್ರಮದಾನದ ದಿನ ಒಂದು ಎಚ್ಚರ. ಹಳಿಯ ಮೇಲೆ ಯಾರೂ ಇಳಿಯಬಾರದು. ಶಾಲಾ ಮಕ್ಕಳಂತೂ ಪ್ಲಾಟ್‌ಫಾರಂ ಅಂಚಿಗೂ ಹೋಗಬಾರದು. ರೈಲ್ವೆ ಕಾಯ್ದೆಯ 147ನೇ ಕಲಂ ಪ್ರಕಾರ ಅತಿಕ್ರಮ ಪ್ರವೇಶಕ್ಕೆ ಆರು ತಿಂಗಳವರೆಗೆ ಜೈಲು ಅಥವಾ 1000 ರೂಪಾಯಿವರೆಗೆ ದಂಡ, ಎರಡನ್ನೂ ಹಾಕಬಹುದು. ದಂಡ ಆಮೇಲಿನ ಮಾತು, ಜೀವ ಮೊದಲು. ಸ್ಟೇಷನ್ ಮಾಸ್ಟರ್ ಲಿಖಿತ ಒಪ್ಪಿಗೆ ಕೊಟ್ಟ ಜಾಗದಲ್ಲಿ ಮಾತ್ರ ಗಿಡ ನೆಡಿ. ಅಕೇಶಿಯ ಬೇಡ. ಸಂಪಿಗೆ, ಹೊಂಗೆ ಸಾಕು.

ಒಳಗೆ ಒಂದು ಕುರ್ಚಿ

ಪ್ರತಿ ವಿಭಾಗದಲ್ಲೂ ರೈಲು ಬಳಕೆದಾರರ ಸಲಹಾ ಸಮಿತಿ ಇರುತ್ತದೆ. ವಿಭಾಗೀಯ ವ್ಯವಸ್ಥಾಪಕರೇ ಅಧ್ಯಕ್ಷರು, ಸದಸ್ಯರ ಅವಧಿ ಎರಡು ವರ್ಷ. ನೋಂದಣಿಯಾದ ಪ್ರಯಾಣಿಕರ ಸಂಘಗಳಿಗೂ ಅಲ್ಲಿ ಜಾಗ ಸಿಗುತ್ತದೆ. ಹೊಸ ಸಮಿತಿ ರಚನೆಯಾಗುವ ಮೊದಲೇ ಹೆಸರು ಕಳಿಸಿ. ಚೆನ್ನಾಗಿ ಭಾಷಣ ಮಾಡುವವರನ್ನಲ್ಲ, ಏಳೂ ದಿನ ಪ್ಲಾಟ್‌ಫಾರಂ ತುದಿಯಲ್ಲಿ ನಿಂತು ಎಣಿಸಿದವರನ್ನು ಕಳಿಸಿ.

ಮುಂದಿನ ವರ್ಷ ಅದೇ ವಾರ ಮತ್ತೆ ಎಣಿಸಬೇಕು. ಹೊಸ ನೋಟ್‌ಬುಕ್ ತಂದ ದಿನವೇ, ಹಳೆಯ ವರ್ಷದ ಏಳು ದಿನದ ಮೊತ್ತವನ್ನು ಮೊದಲ ಪುಟದಲ್ಲಿ ಪೆನ್ಸಿಲ್‌ನಲ್ಲಿ ಬರೆದಿಡಿ.