ಅರಳು ಮರಳು ಅಂದುಕೊಂಡಿದ್ದು ಹಳೇ ರಕ್ತವಾಗಿತ್ತು

ಆ ಅಜ್ಜನನ್ನು ಮಗ ಹೆಗಲು ಹಿಡಿದು ಓಪಿಡಿಗೆ ಕರೆತಂದಾಗ ಅವರ ಷರ್ಟಿನ ಗುಂಡಿಗಳೆಲ್ಲ ಒಂದೊಂದು ತೂತು ಕೆಳಗೆ ಸೇರಿದ್ದವು. 74 ವರ್ಷ. ಅಡಿಕೆ ಲೆಕ್ಕವನ್ನೆಲ್ಲ ಬಾಯಲ್ಲೇ ಹೇಳುತ್ತಿದ್ದವರು ಮೂರು ವಾರದಿಂದ ಮಂಕಾಗಿದ್ದರು. ಊಟದ ಮಧ್ಯೆ ತೂಕಡಿಕೆ. ಬಲಗಾಲು ಎಳೆದು ನಡೆಯುತ್ತಿದ್ದರು. "ವಯಸ್ಸಾಯ್ತಲ್ಲ, ಅರಳು ಮರಳು ಅಂದ್ಕೊಂಡ್ವಿ. ಕಾಲು ಎಳೆಯೋಕೆ ಶುರುವಾದ್ಮೇಲೆ ಲಕ್ವ ಅಂತ ಎಣ್ಣೆ ತಿಕ್ಕಿಸಿದ್ವಿ" ಎಂದರು ಮಗ.

ನಾನು ನ್ಯೂರೋಸರ್ಜನ್. ಈ ಮಾತನ್ನು ಎಷ್ಟೋ ಸಲ ಕೇಳಿದ್ದೇನೆ. ಆಗೆಲ್ಲ ನಾನು ಮೊದಲು ಕೇಳುವುದು ಒಂದೇ: ಒಂದೆರಡು ತಿಂಗಳ ಹಿಂದೆ ತಲೆಗೆ ಏನಾದರೂ ತಗುಲಿತ್ತಾ? ಮಗ ಇಲ್ಲ ಎಂದರು. ಹಿಂದೆ ನಿಂತಿದ್ದ ಅಜ್ಜಿ, "ದೀಪಾವಳಿ ಹೊತ್ತಿಗೆ ಅಟ್ಟದ ಬಾಗಿಲು ಹೊಡೆದಿತ್ತಲ್ಲ, ರಕ್ತ ಕೂಡ ಬಂದಿರ್ಲಿಲ್ಲ" ಎಂದರು. ಅಜ್ಜನ ಹೃದಯಕ್ಕೆ ಸ್ಟೆಂಟ್ ಹಾಕಿಸಿದ್ದರಿಂದ ರಕ್ತ ತೆಳು ಮಾಡುವ ಆಸ್ಪಿರಿನ್ ಬೇರೆ ನಡೆಯುತ್ತಿತ್ತು.

ಸಿಟಿ ಸ್ಕ್ಯಾನ್‌ನಲ್ಲಿ ಎಡಗಡೆ, ಬುರುಡೆಗೂ ಮೆದುಳಿಗೂ ನಡುವೆ, ಬಿದಿಗೆ ಚಂದ್ರನ ಆಕಾರದ ಕಪ್ಪು ಛಾಯೆ. ಮೆದುಳಿನ ನಡುಗೆರೆ 11 ಮಿಲಿಮೀಟರ್ ಬಲಕ್ಕೆ ಸರಿದಿತ್ತು. ಕ್ರಾನಿಕ್ ಸಬ್‌ಡ್ಯೂರಲ್ ಹೆಮಟೋಮಾ, ಅಂದರೆ ಮೆದುಳಿನ ಹೊದಿಕೆಯ ಕೆಳಗೆ ನಿಧಾನವಾಗಿ ಸೇರಿಕೊಂಡ ಹಳೇ ರಕ್ತ. ವಯಸ್ಸಾದಂತೆ ಮೆದುಳು ಸ್ವಲ್ಪ ಕುಗ್ಗುತ್ತದೆ. ಅದರಿಂದ ಹೊದಿಕೆಗೆ ಹೋಗುವ ಸಣ್ಣ ರಕ್ತನಾಳಗಳು ಬಿಗಿಯಾಗಿ ಎಳೆದುಕೊಳ್ಳುತ್ತವೆ. ಸಣ್ಣ ಪೆಟ್ಟಿಗೂ ಹರಿಯುತ್ತವೆ. ಸೋರಿದ ರಕ್ತದ ಸುತ್ತ ದೇಹವೇ ಒಂದು ಪೊರೆ ಕಟ್ಟುತ್ತದೆ. ಆ ಪೊರೆಯಲ್ಲಿ ಹುಟ್ಟುವ ಹೊಸ ನಾಳಗಳೂ ಗಟ್ಟಿಯಿಲ್ಲ, ಆಗಾಗ ಜಿನುಗುತ್ತವೆ. ಹಾಗಾಗಿಯೇ ಪೆಟ್ಟು ಮರೆತುಹೋದ ಮೇಲೆ ಕಾಯಿಲೆ ಕಾಣಿಸುತ್ತದೆ.

"ತಲೆ ಓಪನ್ ಮಾಡ್ತೀರಾ?" ಎಂದು ಅಜ್ಜಿ ಗಾಬರಿಯಾದರು. ಗಡ್ಡೆ ತೆಗೆಯುವಾಗ ಬುರುಡೆಯ ಮೂಳೆಯನ್ನು ಕಿಟಕಿಯಂತೆ ಕತ್ತರಿಸುತ್ತೇವೆ, ಅದು ಕ್ರೇನಿಯಾಟಮಿ. ಮೆದುಳಿನೊಳಗೆ ನೀರು ತುಂಬಿಕೊಂಡರೆ ಹೊಟ್ಟೆಯವರೆಗೆ ಶಂಟ್ ಎಂಬ ನಳಿಗೆ ಇಳಿಸುತ್ತೇವೆ. ಇವರಿಗೆ ಅದ್ಯಾವುದೂ ಬೇಕಿರಲಿಲ್ಲ. ಬುರುಡೆಯಲ್ಲಿ ರೂಪಾಯಿ ನಾಣ್ಯಕ್ಕಿಂತ ಚಿಕ್ಕದಾದ ಎರಡು ತೂತು, ಅಂದರೆ ಬರ್ ಹೋಲ್, ಕೊರೆದರೆ ಸಾಕಿತ್ತು.

ಪೂರ್ತಿ ಮಂಪರು ಕೊಡದೆ, ಚರ್ಮಕ್ಕೆ ಮಾತ್ರ ಮರಗಟ್ಟುವ ಇಂಜೆಕ್ಷನ್ ಕೊಟ್ಟೆ. ಡ್ರಿಲ್ ಹಿಡಿಯುವ ಮುಂಚೆ ಅವರ ಕಿವಿ ಹತ್ತಿರ ಬಗ್ಗಿ ಹೇಳಿದೆ: "ಅಜ್ಜಾ, ಈಗ ಹಿಟ್ಟಿನ ಗಿರಣಿ ಥರ ಸದ್ದು ಬರುತ್ತೆ. ತಲೆ ಅಲ್ಲಾಡಿಸ್ಬೇಡಿ." ಮೂಳೆ ದಾಟಿದ ಕೂಡಲೇ ಡ್ರಿಲ್ ತಾನಾಗೇ ನಿಲ್ಲುತ್ತದೆ. ಕೆಳಗೆ ಡ್ಯೂರಾ ಎಂಬ ಹೊದಿಕೆ. ಮುತ್ತಿನ ಬಿಳುಪು ಇರಬೇಕಾದ್ದು ಅವತ್ತು ನೀಲಿಗಟ್ಟಿತ್ತು. ಪ್ಲಸ್ ಆಕಾರದಲ್ಲಿ ಸೀಳಿದೆ. ಗ್ಯಾರೇಜಿನಲ್ಲಿ ಬಸಿಯುವ ಹಳೇ ಎಂಜಿನ್ ಆಯಿಲ್‌ನಂಥ ದ್ರವ ಒತ್ತಡಕ್ಕೆ ಚಿಮ್ಮಿತು. ಆಮೇಲೆ ಮೈಬಿಸಿಯ ಸಲೈನ್ ಒಂದು ತೂತಿನಿಂದ ಬಿಟ್ಟು ಇನ್ನೊಂದರಿಂದ ಬರುವುದನ್ನು ನೋಡುತ್ತಾ ನಿಂತೆ. ಮೊದಲು ಡಿಕಾಕ್ಷನ್ ಬಣ್ಣ, ಆಮೇಲೆ ಚಹಾ, ಕೊನೆಗೆ ತಿಳಿನೀರು. ಇಲ್ಲಿ ಅವಸರ ಮಾಡಲೇಬಾರದು. ಒಳಗೆ ಕುಗ್ಗಿ ಕೂತಿದ್ದ ಮೆದುಳು ನಿಧಾನವಾಗಿ ಮೇಲೆದ್ದು ಮಿಡಿಯುವುದು ಕಂಡಿತು. ಇಷ್ಟು ವರ್ಷವಾದರೂ ಆ ಮಿಡಿತ ಕಂಡಾಗ ನನ್ನ ಎದೆ ತುಂಬಿ ಬರುತ್ತದೆ.

ಹೊಲಿಗೆಗೆ ಮುಂಚೆ ಮೆತ್ತನೆಯ ಡ್ರೈನ್ ನಳಿಗೆ ಒಂದನ್ನು ಇಟ್ಟೆ. ಶುರುವಿನ ದಿನಗಳಲ್ಲಿ ಒಬ್ಬರಿಗೆ, ಎಲ್ಲ ತೊಳೆದಾಗಿದೆ ಅಲ್ವಾ ಎಂದು, ನಾನು ಅದನ್ನು ಇಡದೇ ಹೊಲಿದಿದ್ದೆ. ಹನ್ನೆರಡನೇ ದಿನ ರಕ್ತ ಮತ್ತೆ ತುಂಬಿ ಅವರು ವಾಪಸ್ ಬಂದರು, ಎರಡನೇ ಸಲ ಆಪರೇಷನ್ ಆಯಿತು. ಅವರ ಮಗಳಿಗೆ ಅದನ್ನು ವಿವರಿಸಿ ಹೇಳಿದ್ದು ನನಗಿನ್ನೂ ನೆನಪಿದೆ. ಕೇಂಬ್ರಿಡ್ಜ್‌ನಲ್ಲಿ 215 ರೋಗಿಗಳ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಡ್ರೈನ್ ಇಡದವರಲ್ಲಿ ನೂರಕ್ಕೆ 24 ಜನರಿಗೆ ರಕ್ತ ಮರುಕಳಿಸಿತ್ತು, ಇಟ್ಟವರಲ್ಲಿ 9 ಜನರಿಗೆ ಮಾತ್ರ. ಮೆದುಳು ಮೇಲೆದ್ದು ಜಾಗ ತುಂಬಿಕೊಳ್ಳುವವರೆಗೆ ಉಳಿದದ್ದು ಇಳಿದುಹೋಗಲು ಒಂದು ದಾರಿ ಬೇಕು. ಎರಡು ದಿನ ಇಟ್ಟು ತೆಗೆಯುತ್ತೇನೆ.

ಮಾರನೇ ಬೆಳಿಗ್ಗೆ ರೌಂಡ್ಸ್‌ಗೆ ಹೋದಾಗ ಅಜ್ಜ ಬಲಗೈ ಎತ್ತಿ ನನ್ನ ಕೈ ಹಿಸುಕಿದರು. ಆಸ್ಪಿರಿನ್ ಯಾವಾಗ ಮತ್ತೆ ಶುರು ಮಾಡಬೇಕೆಂದು ಹೃದಯದ ಡಾಕ್ಟರ ಜೊತೆ ಕೂತು ತೀರ್ಮಾನಿಸಿದೆವು. ಇದು ಪ್ರತಿ ರೋಗಿಗೂ ಬೇರೆ, ಮನೆಯಲ್ಲಿ ಸುಮ್ನೆ ನಿಲ್ಲಿಸುವುದು ಅಥವಾ ಶುರು ಮಾಡುವುದು ಎರಡೂ ಅಪಾಯ.

ಆರು ವಾರಕ್ಕೆ ಸ್ಕ್ಯಾನ್ ತೋರಿಸಲು ಬಂದರು. ನಡುಗೆರೆ ನೆಟ್ಟಗಾಗಿತ್ತು. ಷರ್ಟಿನ ಗುಂಡಿಗಳು ಸರಿಯಾಗಿದ್ದವು. ಅಟ್ಟದ ಬಾಗಿಲ ಪಟ್ಟಿಗೆ ಹಳೇ ಕಂಬಳಿ ಸುತ್ತಿ ಕಟ್ಟಿದ್ದೇವೆ ಎಂದು ಅಜ್ಜಿ ಹೇಳಿದರು.