ರೀಫ್ ಟ್ಯಾಂಕ್ ಪಾಚಿ: ಮೊದಲು ನೀರು ನೋಡಿ
ಹಾಸನದಲ್ಲಿ ರೀಫ್ ಟ್ಯಾಂಕ್ (ಹವಳ ಸಾಕುವ ಉಪ್ಪುನೀರಿನ ಅಕ್ವೇರಿಯಂ) ಇಟ್ಟಿರುವವರಿಗೆ: ಕೂದಲಿನಂಥ ಹಸಿರು ಪಾಚಿ ಬಂದರೆ ಔಷಧಿ ಹುಡುಕುವ ಮೊದಲು, ಉಪ್ಪು ಬೆರೆಸುವ ನೀರಿನ ಟಿಡಿಎಸ್ (ನೀರಿನಲ್ಲಿ ಕರಗಿರುವ ಲವಣ, ಖನಿಜಗಳ ಪ್ರಮಾಣ) ನೋಡಿ. ಪಾಚಿಗೆ ಗೊಬ್ಬರವಾಗುವುದೂ ಅದರಲ್ಲಿರಬಹುದು. ಬೋರ್‌ವೆಲ್ ನೀರಂತೂ ಬೇಡವೇ ಬೇಡ. ಅಡುಗೆಮನೆಯ ಆರ್‌ಒ ನೀರೂ ಸಾಲದು, ಎಷ್ಟೋ ಮೆಷಿನ್‌ಗಳಲ್ಲಿ ರುಚಿಗೆಂದು ಖನಿಜ ಬಿಟ್ಟಿರುತ್ತಾರೆ. ಆರ್‌ಒ ಆದ ಮೇಲೆ ಡಿಐ ರೆಸಿನ್ (ಉಳಿದ ಲವಣಗಳನ್ನೂ ಹಿಡಿದುಕೊಳ್ಳುವ ಫಿಲ್ಟರ್) ದಾಟಿಸಿ, ಟಿಡಿಎಸ್ ಮೀಟರ್ 0 ತೋರಿಸಬೇಕು. ಇರುವ ಪಾಚಿಯನ್ನು ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜುತ್ತಾ, ಪಕ್ಕದಲ್ಲೇ ಪೈಪ್ ಹಿಡಿದು ಹೀರಿ ತೆಗೆಯಿರಿ. ಸುಮ್ನೆ ಉಜ್ಜಿ ಬಿಟ್ಟರೆ ಚೂರುಗಳು ಬೇರೆ ಕಡೆ ಹತ್ತಿಕೊಳ್ಳುತ್ತವೆ.

ಕಂದು ಹೂವಿನಂಥ ಐಪ್ಟೇಸಿಯಾ (ಹವಳಗಳನ್ನು ಕುಟುಕುವ ಪೀಡೆ ಜೀವಿ) ಕಂಡರೆ ಮಾತ್ರ ಕೀಳಲು ಹೋಗಬೇಡಿ, ಕಲ್ಲಿಗಂಟಿದ ಚೂರಿನಿಂದಲೇ ಮತ್ತೆ ಹುಟ್ಟುತ್ತದೆ. ಪಂಪ್ ನಿಲ್ಲಿಸಿ, ಕಾಲ್ಕ್‌ವಾಸರ್ ಪುಡಿಯನ್ನು (ಅಕ್ವೇರಿಯಂಗೆಂದೇ ಸಿಗುವ ಶುದ್ಧ ಸುಣ್ಣ) ಗಟ್ಟಿಯಾಗಿ ಕಲಸಿ, ಸಿರಿಂಜ್‌ನಿಂದ ಅದರ ಬಾಯಿಗೆ ಬಿಡಿ. ಒಂದೇ ದಿನ ಜಾಸ್ತಿ ಹಾಕಿದರೆ ನೀರಿನ ಪಿಎಚ್ (ಕ್ಷಾರದ ಮಟ್ಟ) ಏರುತ್ತದೆ. ಅದೂ ಸುಣ್ಣವೇ ಅಲ್ವಾ ಅಂತ ಎಲೆ ಅಡಿಕೆ ಸುಣ್ಣ ಹಾಕಬೇಡಿ, ಅದರಲ್ಲಿ ಏನೇನು ಬೆರೆತಿರುತ್ತದೋ.