ಚಿರತೆಯ ಫೋಟೊ ವರ್ಣಚಿತ್ರವಾಗುವ ಬಗೆ

ಕಬಿನಿ ಹಿನ್ನೀರಿನ ಅಂಚಿನ ಕಾಡಿನಲ್ಲಿ ಮರದ ಕೊಂಬೆಯ ಮೇಲೆ ಮಲಗಿರುವ ಚಿರತೆಯ ಫೋಟೊ ಇಂದು ಅನೇಕ ಹವ್ಯಾಸಿ ಛಾಯಾಗ್ರಾಹಕರ ಸಂಗ್ರಹದಲ್ಲಿದೆ. ಸಫಾರಿ ವಾಹನದಿಂದ ತೆಗೆದ ಇಂಥ ಚಿತ್ರಗಳಲ್ಲಿ ಪ್ರಾಣಿ ಸ್ಪಷ್ಟವಾಗಿ ಮೂಡಿದ್ದರೂ ಅದರ ಹಿಂದಿನ ಎಲೆ, ರೆಂಬೆ ಮತ್ತು ಬಿಸಿಲಿನ ಚುಕ್ಕೆಗಳು ನೋಡುವವರ ಕಣ್ಣನ್ನು ಬೇರೆಡೆಗೆ ಎಳೆಯುತ್ತವೆ. ಅಂಥ ಒಂದು ಫೋಟೊವನ್ನು ತೈಲವರ್ಣ ಶೈಲಿಯ ಡಿಜಿಟಲ್ ಕಲಾಕೃತಿಯಾಗಿ ರೂಪಿಸುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ. ಈ ಕೆಲಸಕ್ಕೆ ಉಚಿತವಾಗಿ ಸಿಗುವ ಗಿಂಪ್ ತಂತ್ರಾಂಶವೇ ಸಾಕು. ಫೋಟೊಶಾಪ್ ಬಳಸುವವರಿಗೂ ಹೆಚ್ಚುಕಡಿಮೆ ಇದೇ ದಾರಿ. ಮೆನು ಮತ್ತು ಸಾಧನಗಳ ಹೆಸರುಗಳು ಮಾತ್ರ ಬೇರೆಯಾಗುತ್ತವೆ.

ಕೆಲಸ ಆರಂಭಿಸುವ ಮೊದಲೇ ಒಂದು ಗೆರೆ ಎಳೆದುಕೊಳ್ಳಬೇಕು. ಹಿನ್ನೆಲೆ, ಬೆಳಕು, ಬಣ್ಣದ ಹದ ಇವೆಲ್ಲವೂ ಕಲಾವಿದರ ಸ್ವಾತಂತ್ರ್ಯಕ್ಕೆ ಬಿಟ್ಟದ್ದು. ಚಿರತೆಯ ಮೈಮೇಲಿನ ಚುಕ್ಕೆಗಳು ಹಾಗಲ್ಲ. ಒಂದು ಚಿರತೆಯ ಚುಕ್ಕೆಗಳ ವಿನ್ಯಾಸ ಇನ್ನೊಂದಕ್ಕೆ ಇರುವುದಿಲ್ಲ, ಅದೇ ಪ್ರಾಣಿಯ ಎಡಮಗ್ಗುಲಿನದು ಬಲಮಗ್ಗುಲಿಗೂ ಹೊಂದುವುದಿಲ್ಲ. ಪ್ರಾಣಿ ಹಾದುಹೋದಾಗ ತಾನಾಗಿ ಕ್ಲಿಕ್ಕಿಸುವ ಕ್ಯಾಮೆರಾ ಟ್ರ್ಯಾಪ್‌ಗಳ ಚಿತ್ರಗಳಲ್ಲಿ ಸಂಶೋಧಕರು ಒಂದೊಂದು ಚಿರತೆಯನ್ನೂ ಗುರುತಿಸುವುದು ಈ ಚುಕ್ಕೆಗಳಿಂದಲೇ. ಆದ್ದರಿಂದ ಚೌಕಟ್ಟಿನಲ್ಲಿ ಚೆನ್ನಾಗಿ ಕೂರುತ್ತದೆಂದು ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ಅಡ್ಡಲಾಗಿ ತಿರುಗಿಸಿದರೂ ಆ ಪ್ರಾಣಿ ತಾನಾಗಿ ಉಳಿಯುವುದಿಲ್ಲ. ಗುಂಡಿ ಒತ್ತಿದೊಡನೆ ಫೋಟೊವನ್ನು ವರ್ಣಚಿತ್ರವಾಗಿಸುವ ಕೃತಕ ಬುದ್ಧಿಮತ್ತೆಯ ಸಾಧನಗಳು ಚುಕ್ಕೆಗಳನ್ನು ಊಹೆಯ ಮೇಲೆ ಮತ್ತೆ ಬರೆಯುವ ಸಾಧ್ಯತೆ ಇರುವುದರಿಂದ, ವನ್ಯಜೀವಿ ಚಿತ್ರಗಳಿಗೆ ಅವು ಒಗ್ಗುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಫೋಟೊ ನಿಮ್ಮದೇ ಆಗಿರಲಿ, ಇಲ್ಲವೇ ತೆಗೆದವರ ಒಪ್ಪಿಗೆ ಇರಲಿ. 1957ರ ಕೃತಿಸ್ವಾಮ್ಯ ಕಾಯ್ದೆಯಡಿ ಛಾಯಾಚಿತ್ರವೂ ಕಲಾಕೃತಿಯೇ. ಕಣ್ಣು ಸ್ಪಷ್ಟವಾಗಿರುವ, ದೇಹದ ಹೊರರೇಖೆ ಎಲೆಗಳ ನಡುವೆ ಕಳೆದುಹೋಗದ ಚಿತ್ರವನ್ನು ಆರಿಸಿಕೊಳ್ಳಿ. ಕ್ಯಾಮೆರಾ ಸಂಸ್ಕರಿಸದೆ ಉಳಿಸಿದ ರಾ ಕಡತವಿದ್ದರೆ ಡಾರ್ಕ್‌ಟೇಬಲ್‌ನಂಥ ಉಚಿತ ತಂತ್ರಾಂಶದಲ್ಲಿ ತೆರೆದು, ನೆರಳಿನ ಭಾಗಗಳನ್ನು ತುಸು ತಿಳಿಗೊಳಿಸಿ, ಬಣ್ಣದ ಸೂಕ್ಷ್ಮ ಹಂತಗಳನ್ನು ಕಾಪಾಡುವ 16 ಬಿಟ್‌ನ ಟಿಫ್ ಕಡತವಾಗಿ ಉಳಿಸಿಕೊಳ್ಳಿ. ಮಬ್ಬು ಬೆಳಕಿನಲ್ಲಿ ಹೆಚ್ಚಿನ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) ಇಟ್ಟು ತೆಗೆದ ಚಿತ್ರದಲ್ಲಿ ಕಾಣುವ ಕಾಳುಕಾಳಾದ ನಾಯ್ಸ್ ಅನ್ನು ಈ ಹಂತದಲ್ಲೇ ತಗ್ಗಿಸಬೇಕು. ಹಾಗೆಯೇ ಬಿಟ್ಟರೆ ಮುಂದೆ ಹಾಕುವ ಫಿಲ್ಟರ್ ಆ ಕಾಳುಗಳನ್ನೂ ಕುಂಚದ ಗುರುತುಗಳಂತೆ ಹಿಗ್ಗಿಸುತ್ತದೆ.

ಈಗ ಕಡತವನ್ನು ಗಿಂಪ್‌ನಲ್ಲಿ ತೆರೆದು ಚಿತ್ರದ ಪದರವನ್ನು, ಅಂದರೆ ಲೇಯರನ್ನು ಎರಡು ಬಾರಿ ನಕಲು ಮಾಡಿ. ತಳದ್ದಕ್ಕೆ ‘ಮೂಲ’, ನಡುವಿನದಕ್ಕೆ ‘ಹಿನ್ನೆಲೆ’, ಮೇಲಿನದಕ್ಕೆ ‘ಚಿರತೆ’ ಎಂದು ಹೆಸರಿಡಿ. ಮೂಲ ಲೇಯರನ್ನು ಕೊನೆಯವರೆಗೂ ಮುಟ್ಟಬಾರದು. ಚುಕ್ಕೆಗಳು ಸರಿಯಾಗಿವೆಯೇ ಎಂದು ಹೋಲಿಸಿ ನೋಡಲು ಅದೇ ಆಧಾರ. ಕಡತವನ್ನು ಗಿಂಪ್‌ನ ಸ್ವಂತ ಎಕ್ಸ್‌ಸಿಎಫ್ ರೂಪದಲ್ಲಿ ಉಳಿಸಿದರೆ ಎಲ್ಲ ಲೇಯರುಗಳೂ ಬೇರೆಬೇರೆಯಾಗಿಯೇ ಉಳಿಯುತ್ತವೆ.

ಮುಂದಿನದು ಪ್ರಾಣಿಯನ್ನು ಹಿನ್ನೆಲೆಯಿಂದ ಬೇರ್ಪಡಿಸುವ, ಎಲ್ಲಕ್ಕಿಂತ ಹೆಚ್ಚು ತಾಳ್ಮೆ ಬೇಡುವ ಹಂತ. ಫೋರ್‌ಗ್ರೌಂಡ್ ಸೆಲೆಕ್ಟ್ ಸಾಧನದಿಂದ ಚಿರತೆಯ ಸುತ್ತ ಸಡಿಲವಾಗಿ ಗೆರೆ ಎಳೆದು, ಬಳಿಕ ಮೈಯೊಳಗಿನ ಬಣ್ಣಗಳ ಮೇಲೆ ಕುಂಚ ಆಡಿಸಿದರೆ ತಂತ್ರಾಂಶ ಅಂಚನ್ನು ಹುಡುಕಿಕೊಡುತ್ತದೆ. ಕೊಂಬೆಯ ನೆರಳು ಹೊಟ್ಟೆಗೆ ತಾಗುವಲ್ಲಿ ಅದು ಎಡವುವುದೇ ಹೆಚ್ಚು, ಅಲ್ಲಿ ಕೈಯಿಂದಲೇ ತಿದ್ದಬೇಕು. ಮೀಸೆಗಳನ್ನು ಆಯ್ಕೆಯೊಳಗೆ ತರುವ ಪ್ರಯತ್ನ ಬೇಡ, ಅವನ್ನು ಕೊನೆಯಲ್ಲಿ ಬರೆಯುವುದೇ ಮೇಲು. ಆಯ್ಕೆಯನ್ನು ಮತ್ತೆ ಬಳಸಲು ಬರುವಂತೆ ಚಾನೆಲ್ ಆಗಿ ಉಳಿಸಿ, ಅದರಿಂದಲೇ ‘ಚಿರತೆ’ ಲೇಯರಿಗೆ ಮಾಸ್ಕ್ ಹಾಕಿ. ಮಾಸ್ಕ್‌ನಲ್ಲಿ ಬಿಳಿ ಇದ್ದಲ್ಲಿ ಲೇಯರ್ ಕಾಣುತ್ತದೆ, ಕಪ್ಪು ಇದ್ದಲ್ಲಿ ಮರೆಯಾಗುತ್ತದೆ. ಅಳಿಸುವ ಬದಲು ಮರೆಮಾಡುವ ಈ ವಿಧಾನದಲ್ಲಿ ಯಾವ ತಪ್ಪನ್ನೂ ಮುಂದೆ ಸರಿಪಡಿಸಬಹುದು.

ಇನ್ನು ಹಿನ್ನೆಲೆ. ಹಿನ್ನೆಲೆಯ ಲೇಯರನ್ನು ನೇರವಾಗಿ ಮಸುಕುಗೊಳಿಸಿದರೆ ಅದರಲ್ಲಿರುವ ಚಿರತೆಯ ಹಳದಿ ಬಣ್ಣವೂ ಸುತ್ತಲಿನ ಹಸಿರಿಗೆ ಹರಡಿ, ಪ್ರಾಣಿಯ ಸುತ್ತ ಕೃತಕ ಪ್ರಭಾವಳಿಯೊಂದು ಮೂಡುತ್ತದೆ. ಫೋಟೊದಿಂದ ಮಾಡಿದ ಎಷ್ಟೋ ಕಲಾಕೃತಿಗಳು ಕಚ್ಚಾ ಕೆಲಸವಾಗಿ ಕಾಣುವುದು ಇದೊಂದರಿಂದಲೇ. ಇದನ್ನು ತಪ್ಪಿಸಲು ‘ಚಿರತೆ’ ಲೇಯರನ್ನು ಕಾಣದಂತೆ ಮಾಡಿ, ಕ್ಲೋನ್ ಸಾಧನದಿಂದ ಸುತ್ತಲಿನ ಎಲೆ ಮತ್ತು ತೊಗಟೆಯನ್ನು ಪ್ರಾಣಿಯ ಅಂಚಿನಿಂದ ಸಾಕಷ್ಟು ಒಳಗಿನವರೆಗೆ ತುಂಬಿ. ಅದು ಅಂದವಾಗಿರಬೇಕಿಲ್ಲ, ಮೇಲೆ ಚಿರತೆ ಬಂದು ಕೂರುತ್ತದೆ. ಆಮೇಲೆ ಗಾಸಿಯನ್ ಬ್ಲರ್‌ನಿಂದ ಸ್ವಲ್ಪ ಮಸುಕುಗೊಳಿಸಿ, ಆರ್ಟಿಸ್ಟಿಕ್ ಫಿಲ್ಟರುಗಳಲ್ಲಿರುವ, ತೈಲವರ್ಣದ ನೋಟ ಕೊಡುವ ಆಯಿಲಿಫೈ ಅನ್ನು ಹಾಕಿ.

ಈ ಫಿಲ್ಟರ್ ಕೆಲಸ ಮಾಡುವ ರೀತಿ ತಿಳಿದಿದ್ದರೆ ಅಳತೆ ಆರಿಸುವುದು ಸುಲಭ. ಚಿತ್ರದ ಪ್ರತಿಯೊಂದು ಪಿಕ್ಸೆಲ್‌ನ ಸುತ್ತ ನಾವು ಹೇಳಿದ ತ್ರಿಜ್ಯದೊಳಗೆ ಯಾವ ಹೊಳಪಿನ ಪಿಕ್ಸೆಲ್‌ಗಳು ಹೆಚ್ಚಾಗಿವೆಯೋ ಅವುಗಳ ಬಣ್ಣವನ್ನೇ ಅದು ಅಲ್ಲಿ ತುಂಬುತ್ತದೆ. ಬಹುಮತದ ಬಣ್ಣ ಗೆಲ್ಲುವುದರಿಂದ ತ್ರಿಜ್ಯಕ್ಕಿಂತ ಚಿಕ್ಕದಾದ ವಿವರಗಳೆಲ್ಲ ಅಳಿದುಹೋಗುತ್ತವೆ. ಹಿನ್ನೆಲೆಗೆ ಬೇಕಾದದ್ದು ಅದೇ. 24 ಮೆಗಾಪಿಕ್ಸೆಲ್ ಚಿತ್ರಕ್ಕೆ 15ರಿಂದ 20ರ ತ್ರಿಜ್ಯ ಕೊಟ್ಟರೆ ಬಿಡಿ ಎಲೆಗಳು ಕರಗಿ ಬಣ್ಣದ ದಪ್ಪ ಲೇಪಗಳಾಗುತ್ತವೆ. ಕೊನೆಗೆ ಹೊಳಪು ಮತ್ತು ಬಣ್ಣವನ್ನು ತಿದ್ದುವ ಕರ್ವ್ಸ್‌ನಿಂದ ಹಿನ್ನೆಲೆಯನ್ನು ತುಸು ಗಾಢವಾಗಿಸಿ, ಹಸಿರಿಗೆ ನೀಲಿಯ ಛಾಯೆ ಬೆರೆಸಿದರೆ ಪ್ರಾಣಿಯ ಹೊಂಬಣ್ಣ ತಾನಾಗಿ ಮುಂದಕ್ಕೆ ಬರುತ್ತದೆ.

ಅದೇ ತ್ರಿಜ್ಯವನ್ನು ಚಿರತೆಯ ಮೇಲೆ ಹಾಕಿದರೆ ಕಾಲಿನ ಮತ್ತು ಮುಖದ ಸಣ್ಣ ಚುಕ್ಕೆಗಳು ಮಾಯವಾಗುತ್ತವೆ, ಪಕ್ಕೆಯ ದೊಡ್ಡ ಚುಕ್ಕೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಆದ್ದರಿಂದ ‘ಚಿರತೆ’ ಲೇಯರಿನ ಇನ್ನೊಂದು ನಕಲು ಮಾಡಿ, ಅದಕ್ಕೆ 3 ಅಥವಾ 4ರ ತ್ರಿಜ್ಯ ಮಾತ್ರ ಕೊಡಿ. ಬಳಿಕ ಆ ನಕಲಿನ ಮಾಸ್ಕ್‌ನಲ್ಲಿ ಕಣ್ಣು, ಮೂಗು, ಬಾಯಿಯ ಅಂಚು ಇರುವೆಡೆ ಕಪ್ಪು ಬಣ್ಣದ ಮೃದು ಕುಂಚ ಆಡಿಸಿದರೆ ಅಲ್ಲಿ ಕೆಳಗಿನ ಮೂಲ ವಿವರ ಉಳಿಯುತ್ತದೆ.

ಕುಂಚದ ನಿಜವಾದ ಕೆಲಸ ಶುರುವಾಗುವುದು ಹಸಿ ಬಣ್ಣವನ್ನು ಬೆರಳಿನಿಂದ ಎಳೆದಂತೆ ಹರಡುವ ಸ್ಮಜ್ ಸಾಧನ ಹಿಡಿದಾಗ. ಎಳೆಎಳೆಯಾದ ಕುಂಚವೊಂದನ್ನು ಆರಿಸಿ, ಎಳೆತದ ಪ್ರಮಾಣವಾದ ರೇಟ್ ಅನ್ನು 30ರ ಆಸುಪಾಸಿನಲ್ಲಿಟ್ಟು, ತುಪ್ಪಳ ಬೆಳೆದಿರುವ ದಿಕ್ಕಿನಲ್ಲಿಯೇ ಚಿಕ್ಕಚಿಕ್ಕದಾಗಿ ಎಳೆಯಬೇಕು: ಮೂಗಿನಿಂದ ಹಣೆಯತ್ತ, ಕತ್ತಿನಿಂದ ಬಾಲದತ್ತ, ಭುಜದಿಂದ ಪಾದದತ್ತ. ಚುಕ್ಕೆಯ ಅಂಚಿಗೆ ಬಂದಾಗ ಕೈ ನಿಧಾನವಾಗಲಿ. ಪಕ್ಕೆಯ ಮೇಲಿನ ಒಂದು ಚುಕ್ಕೆಯನ್ನು ಪರದೆಯ ಮೇಲೆ ದೊಡ್ಡದಾಗಿಸಿ ನೋಡಿ. ಅದು ಪೂರ್ತಿ ಕಪ್ಪು ಬೊಟ್ಟಲ್ಲ. ಮೂರು ನಾಲ್ಕು ಕಪ್ಪು ತುಣುಕುಗಳು ಸುತ್ತುಗಟ್ಟಿ ನಿಂತಿರುತ್ತವೆ, ನಡುವಿನ ಬಣ್ಣ ಹೊರಗಿನ ಮೈಬಣ್ಣಕ್ಕಿಂತ ತುಸು ಗಾಢವಾಗಿರುತ್ತದೆ. ಆ ನಡುಭಾಗ ಸಾಮಾನ್ಯವಾಗಿ ಖಾಲಿ. ಕುಂಚ ಜಾರಿ ಅಲ್ಲಿ ಕಪ್ಪು ಬೊಟ್ಟುಗಳು ಬಿದ್ದರೆ ಅದು ಅಮೆರಿಕ ಖಂಡದ ಜಾಗ್ವಾರ್‌ನ ಗುರುತಾಗುತ್ತದೆ, ಕಬಿನಿಯ ಚಿರತೆಯದ್ದಾಗಿ ಉಳಿಯುವುದಿಲ್ಲ. ಆಗಾಗ ಮೇಲಿನ ಲೇಯರುಗಳನ್ನು ಮರೆಮಾಡಿ ಮೂಲದೊಂದಿಗೆ ಹೋಲಿಸುತ್ತಿರಿ.

ಬೆಳಕಿಗಾಗಿ ಎಲ್ಲಕ್ಕಿಂತ ಮೇಲೆ ಪಾರದರ್ಶಕ ಲೇಯರೊಂದನ್ನು ಸೇರಿಸಿ, ಅದು ಕೆಳಗಿನ ಲೇಯರುಗಳೊಂದಿಗೆ ಬೆರೆಯುವ ಬಗೆಯನ್ನು, ಅಂದರೆ ಮೋಡ್ ಅನ್ನು ಓವರ್‌ಲೇ ಎಂದು ಬದಲಿಸಿ. ಶೇ 5ರಿಂದ 10ರಷ್ಟು ಮಾತ್ರ ಅಪಾರದರ್ಶಕತೆಯ ಬಿಳಿ ಕುಂಚದಿಂದ ಬೆನ್ನಿನ ಮೇಲಂಚನ್ನೂ ಕೆನ್ನೆಯನ್ನೂ ಬೆಳಗಿಸಿ, ಕಪ್ಪಿನಿಂದ ಹೊಟ್ಟೆಯ ಕೆಳಭಾಗವನ್ನು ಗಾಢವಾಗಿಸಿ. ಮೂಲ ಫೋಟೊದಲ್ಲಿ ಬಿಸಿಲು ಬಂದ ದಿಕ್ಕನ್ನು ಬದಲಿಸದಿರುವುದು ಒಳ್ಳೆಯದು. ಕಣ್ಣಿನ ಹೊಳಪಿನ ಚುಕ್ಕೆಯನ್ನು ತುಸು ಎದ್ದುಕಾಣುವಂತೆ ಮಾಡಿದರೆ ಸಾಕು, ಹೊಸದನ್ನು ಇಡುವುದು ಬೇಡ. ಮನೆಯ ಬೆಕ್ಕನ್ನು ನೆನೆದು ಪಾಪೆಯನ್ನು ಸೀಳಿನಂತೆ ತಿದ್ದಲೂಬಾರದು, ಚಿರತೆಯ ಪಾಪೆ ಗುಂಡಗಿರುತ್ತದೆ.

ಮೀಸೆಗೆ ಮತ್ತೊಂದು ಲೇಯರ್ ಬೇಕು. ಪೆನ್ ಟ್ಯಾಬ್ಲೆಟ್ ಇದ್ದವರು ಒತ್ತಡಕ್ಕೆ ತಕ್ಕಂತೆ ತೆಳುವಾಗುವ ಕುಂಚದಿಂದ ಒಂದೇ ಎಳೆತದಲ್ಲಿ ಬರೆಯಬಹುದು. ಮೌಸ್ ಮಾತ್ರ ಇದ್ದವರು ಪಾತ್ಸ್ ಸಾಧನದಿಂದ ಬಾಗಿದ ಗೆರೆ ಹಾಕಿ, ಸ್ಟ್ರೋಕ್ ಪಾತ್ ಆಜ್ಞೆಯಲ್ಲಿ ಕುಂಚದ ಚಲನೆಯನ್ನು ಅನುಕರಿಸುವ ಆಯ್ಕೆಗೆ ಗುರುತು ಹಾಕಿದರೆ ತುದಿ ಸಹಜವಾಗಿ ಸಣ್ಣಗಾಗುತ್ತದೆ. ಪ್ರತಿ ಮೀಸೆಯೂ ಮೂಲದಲ್ಲಿ ಹುಟ್ಟುವ ಜಾಗದಿಂದಲೇ ಹೊರಡಲಿ.

ಮುದ್ರಣಕ್ಕೆ ಕೊಡುವ ಮೊದಲು ಗಾತ್ರ ಲೆಕ್ಕ ಹಾಕಿ. ಇಂಚಿಗೆ 300 ಪಿಕ್ಸೆಲ್‌ನಂತೆ 18×12 ಇಂಚಿನ ಚಿತ್ರಕ್ಕೆ 5400×3600 ಪಿಕ್ಸೆಲ್ ಬೇಕು, 24 ಮೆಗಾಪಿಕ್ಸೆಲ್ ಕ್ಯಾಮೆರಾದ 6000×4000 ಪಿಕ್ಸೆಲ್ ಅದಕ್ಕೆ ಸಾಲುತ್ತದೆ. ಬಟ್ಟೆಯ ಕ್ಯಾನ್ವಾಸ್ ಮೇಲೆ ಮುದ್ರಿಸುವುದಾದರೆ ತಂತ್ರಾಂಶದ ಕ್ಯಾನ್ವಾಸ್ ಫಿಲ್ಟರ್ ಬಿಟ್ಟುಬಿಡಿ, ಎರಡು ನೇಯ್ಗೆಗಳು ಸೇರಿ ಮುಖದ ವಿವರವನ್ನು ಕೆಡಿಸುತ್ತವೆ. ಅಂತರ್ಜಾಲಕ್ಕೆ ಹಾಕುವ ಜೆಪೆಗ್ ಪ್ರತಿಯನ್ನು ಎಸ್‌ಆರ್‌ಜಿಬಿ ವರ್ಣವ್ಯವಸ್ಥೆಯಲ್ಲಿ ಉಳಿಸಿ. ಫೋಟೊ ತೆಗೆದ ಸ್ಥಳದ ಜಿಪಿಎಸ್ ಮಾಹಿತಿ ಕಡತದಲ್ಲಿ ಅಡಗಿದ್ದರೆ ತಪ್ಪದೆ ತೆಗೆದುಹಾಕಿ. ಪ್ರಾಣಿ ಪದೇಪದೇ ಬರುವ ಮರ ಯಾವುದೆಂದು ಎಲ್ಲರಿಗೂ ತಿಳಿಯುವುದು ಅದರ ಸುರಕ್ಷತೆಗೆ ಒಳ್ಳೆಯದಲ್ಲ.

ಚಿತ್ರದ ಅಡಿಯಲ್ಲಿ ‘ಛಾಯಾಚಿತ್ರ ಆಧಾರಿತ ಡಿಜಿಟಲ್ ಕಲೆ’ ಎಂದು ಬರೆಯಲೇಬೇಕು. ಛಾಯಾಗ್ರಹಣ ಕಲೆಯ ಅಂತರರಾಷ್ಟ್ರೀಯ ಒಕ್ಕೂಟವಾದ ಫಿಯಾಪ್, ಅಮೆರಿಕದ ಛಾಯಾಗ್ರಹಣ ಸಂಸ್ಥೆ ಪಿಎಸ್‌ಎ ಮತ್ತು ಬ್ರಿಟನ್ನಿನ ರಾಯಲ್ ಫೋಟೊಗ್ರಾಫಿಕ್ ಸೊಸೈಟಿಗಳು ಒಪ್ಪಿಕೊಂಡಿರುವ ವ್ಯಾಖ್ಯೆಯ ಪ್ರಕಾರ, ನಿಸರ್ಗ ವಿಭಾಗದ ಚಿತ್ರದಲ್ಲಿ ಕತ್ತರಿಸಿ ಚೌಕಟ್ಟು ಸರಿಪಡಿಸುವುದನ್ನು ಬಿಟ್ಟರೆ ಯಾವ ಅಂಶವನ್ನೂ ಸೇರಿಸುವಂತಿಲ್ಲ, ತೆಗೆಯುವಂತಿಲ್ಲ, ಸ್ಥಳಾಂತರಿಸುವಂತಿಲ್ಲ. ಹಾಗಾಗಿ ಈ ಕೃತಿಯನ್ನು ಸ್ಪರ್ಧೆಗೆ ಕಳುಹಿಸುವುದಾದರೆ ನಿಸರ್ಗ ಮತ್ತು ವನ್ಯಜೀವಿ ವಿಭಾಗಗಳನ್ನು ಬಿಟ್ಟು, ತಿದ್ದಿದ ಚಿತ್ರಗಳಿಗೆ ಅವಕಾಶವಿರುವ ವಿಭಾಗವನ್ನು ನಿಯಮಾವಳಿಯಲ್ಲಿ ನೋಡಿ ಆರಿಸಿಕೊಳ್ಳಿ.